ಒಂದೇ ಮಸಾಲೆ, ಎರಡು ಪಾತ್ರೆ

"ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ" ಎಂದ ನಮ್ಮ ಹಿರಿಯರು ಊಟವನ್ನೂ ಮಾತನ್ನೂ ಒಂದೇ ಗಾದೆಯಲ್ಲಿ ಏಕೆ ಕೂಡಿಸಿದರೆಂಬುದು ನನಗೆ ಬಹುಕಾಲ ಹೊಳೆದಿರಲಿಲ್ಲ. ತರಗತಿಯಲ್ಲಿ ಅದನ್ನು ಹೇಳಿ, ವಿದ್ಯಾರ್ಥಿಗಳಿಂದ ಬರೆಯಿಸಿ, ಮುಂದಿನ ಪಾಠಕ್ಕೆ ಹೋಗಿಬಿಡುತ್ತಿದ್ದೆ. ಭಾನುವಾರ ಬೆಳಿಗ್ಗೆ ನಮ್ಮ ಅಡಿಗೆಮನೆಯ ಬಾಗಿಲಲ್ಲಿ ನಿಂತು, "ಇವತ್ತು ಏನು ಮಾಡೋದು?" ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾಗಿ ಬಂದಾಗ ಅದರ ಅರ್ಥ ತಾನಾಗಿ ತಿಳಿಯಿತು. ಮಾಂಸದ ವಾಸನೆಯನ್ನೂ ಸಹಿಸದವರು ಒಬ್ಬರು, ಮಾಂಸವಿಲ್ಲದ ಹೊಸತೊಡಕನ್ನು ಹೊಸತೊಡಕೆಂದು ಒಪ್ಪದವರು ಇನ್ನೊಬ್ಬರು, ಇಬ್ಬರೂ ಒಂದೇ ಸೂರಿನ ಕೆಳಗೆ ಇರುವ ಮನೆಯಲ್ಲಿ ಊಟ ಬಲ್ಲವನಿಗೆ ಮಾತೂ ಬರಬೇಕು.

ಇದು ನಮ್ಮ ಮನೆಯೊಂದರ ಸಂಗತಿಯಲ್ಲ. ಚಿತ್ರದುರ್ಗ ಜಿಲ್ಲೆಯ ಯಾವ ಊರಿಗೆ ಹೋದರೂ, ಲಿಂಗಪೂಜೆಯಾಗದೆ ಬಾಯಿಗೆ ನೀರು ಹಾಕದ ಹಿರಿಯರಿರುವ ಮನೆಗಳು ಒಂದು ಬೀದಿಯಲ್ಲಿದ್ದರೆ, ಯುಗಾದಿಯ ಮರುದಿನ ಬಾಡಿನ ಪಾಲು ಹಾಕಿಕೊಳ್ಳುವ ಮನೆಗಳು ಪಕ್ಕದ ಬೀದಿಯಲ್ಲಿವೆ. ಮಾಂಸ ಉಣ್ಣುವವರಲ್ಲಿಯೂ ಕಟ್ಟುಪಾಡು ಒಂದೇ ಬಗೆಯದಲ್ಲ. ಸೋಮವಾರ ಒಲ್ಲದವರುಂಟು, ಶನಿವಾರ ಒಲ್ಲದವರುಂಟು, ಶ್ರಾವಣ ಕಳೆಯುವವರೆಗೆ ಮುಟ್ಟದವರುಂಟು. ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಮ್ಯಾಸಬೇಡರ ಹಳೆಯ ಸಂಪ್ರದಾಯದಲ್ಲಿ ಕುರಿಯ ಮಾಂಸ ಸಲ್ಲುತ್ತದೆ, ಕೋಳಿ ಸಲ್ಲದು. ಹಿಂದೆ ಈ ಬೀದಿಗಳ ನಡುವೆ ಮಾತುಕತೆಯಿತ್ತು, ಕೊಡುಕೊಳ್ಳುವಿಕೆಯಿತ್ತು, ಸಹಪಂಕ್ತಿ ಮಾತ್ರ ವಿರಳವಾಗಿತ್ತು. ಈಗ ಕಾಲೇಜು, ಕಛೇರಿ, ಮದುವೆಗಳು ಬೀದಿಗಳನ್ನು ಕೂಡಿಸಿವೆ. ಮದುವೆಯವರೆಗೆ ಹೋಗುವುದೂ ಬೇಡ. ಬೆಂಗಳೂರಿನ ವಿದ್ಯಾರ್ಥಿನಿಲಯದಲ್ಲಿ ಮೊಟ್ಟೆ ರೂಢಿಮಾಡಿಕೊಂಡು ಬಂದ ಮಗ, ಓದಿ ಯೋಚಿಸಿ ಮಾಂಸ ಬಿಟ್ಟ ಮಗಳು, ಒಂದೇ ತಾಯಿಯ ಮಕ್ಕಳಾಗಿ ಎದುರುಬದುರು ಕುಳಿತು ಉಣ್ಣುವ ಮನೆಗಳೂ ಈಗ ಬೇಕಾದಷ್ಟಿವೆ.

ನನ್ನ ತಾಯಿ ಹೊಳಲ್ಕೆರೆ ತಾಲ್ಲೂಕಿನ ಅಡಿಕೆ ತೋಟದ ಮನೆಯವರು. ನನ್ನಾಕೆ ಹಿರಿಯೂರಿನ ಕಡೆ, ವಾಣಿವಿಲಾಸ ಸಾಗರದ ಕಾಲುವೆಯ ನೀರು ಹರಿಯುವ ಹಳ್ಳಿಯವಳು. ನಾವಿಬ್ಬರೂ ಎಂ.ಎ. ತರಗತಿಯ ಸಹಪಾಠಿಗಳು. ಚಿತ್ರದುರ್ಗದಲ್ಲಿ ನನಗೆ ಕೆಲಸವಾದ ಮೇಲೆ ತಾಯಿಯವರೂ ನಮ್ಮೊಂದಿಗೆ ಬಂದು ನೆಲೆಸಿದರು. ಮನೆಯಲ್ಲಿ ಮಾಂಸ ಬೇಯಲಿಲ್ಲ, ಯಾರೂ ಬೇಯಿಸಬೇಕೆನ್ನಲಿಲ್ಲ. "ನಮ್ಮಲ್ಲಿ ಆ ತಂಟೆಯೇ ಇಲ್ಲ ನೋಡಿ" ಎಂದು ಸ್ನೇಹಿತರ ಮುಂದೆ ನಾನು ಹೆಮ್ಮೆಪಡುತ್ತಿದ್ದೆ.

ನನ್ನ ಮಟ್ಟಿಗೆ ಪರಿಹಾರವೂ ದೊರೆತಿತ್ತು. ಮಾವನವರು ಊರಿನಿಂದ ಬಂದ ದಿನ, ಅಂಗಡಿಯವರು ಮೀಲ್ ಮೇಕರ್ ಎಂದು ಕರೆಯುವ ಸೋಯಾ ಉಂಡೆಗಳನ್ನು ತಂದುಕೊಟ್ಟು, ಬಾಡಿನ ಮಸಾಲೆಯಲ್ಲಿಯೇ ಸಾರು ಮಾಡೆಂದು ಮಡದಿಗೆ ಹೇಳುತ್ತಿದ್ದೆ. ಮಾವನವರು ಸಜ್ಜನರು. ಮೊದಲ ಸಲ ಒಂದು ತಟ್ಟೆ ಪೂರ್ತಿ ಉಂಡು, ಬಾಯಿ ಒರೆಸಿಕೊಂಡು, "ಚೆನ್ನಾಗಿದೆ. ಬಾಡು ಆಮೇಲೆ ಬಡಿಸ್ತೀರಾ?" ಎಂದು ಕೇಳಿದರು. ಆ ವಾರವೇ ನಾನು ತರಗತಿಯಲ್ಲಿ ಜನ್ನನ 'ಯಶೋಧರಚರಿತೆ'ಯ ಪಾಠ ಮಾಡುತ್ತಿದ್ದೆ. 1209ರಲ್ಲಿ ರಚಿತವಾದ ಆ ಕಾವ್ಯದಲ್ಲಿ ಯಶೋಧರನು ಜೀವಹಿಂಸೆಗೂ ಒಲ್ಲದೆ, ತಾಯಿಯ ಮಾತನ್ನೂ ಮೀರಲಾರದೆ, ಹಿಟ್ಟಿನ ಕೋಳಿಯನ್ನು ಮಾಡಿಸಿ ಬಲಿ ಕೊಡುತ್ತಾನೆ. ಎರಡು ಕಡೆಯನ್ನೂ ಮೆಚ್ಚಿಸಹೊರಟ ಆ ಉಪಾಯದಿಂದ ತಾಯಿ ಮಗ ಇಬ್ಬರೂ ಜನ್ಮಜನ್ಮಾಂತರ ಬವಣೆಪಡುತ್ತಾರೆ. ನನ್ನ ಸೋಯಾ ಉಂಡೆಯೂ ಅದೇ ಹಿಟ್ಟಿನ ಕೋಳಿ! ಸೋಯಾ ಪೌಷ್ಟಿಕವಾದ ವಸ್ತುವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದನ್ನು ಸೋಯಾ ಎಂದೇ ಬಡಿಸಬೇಕು. ಬಾಡಿನ ವೇಷ ತೊಡಿಸಿ ಬಡಿಸಿದರೆ ಉಣ್ಣುವವನಿಗೂ ತೃಪ್ತಿಯಿಲ್ಲ, ಉಣ್ಣದವರಿಗೂ ಮುಜುಗರ.

2022ರ ಸೆಪ್ಟೆಂಬರಿನಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿದ್ದಿತು. 1907ರಲ್ಲಿ ಕಟ್ಟಿ ಮುಗಿದ ಈ ಕಟ್ಟೆ 1933ರ ತರುವಾಯ ಕೋಡಿ ಹರಿದದ್ದು ಅದೇ ಮೊದಲು. ಎಂಬತ್ತೊಂಬತ್ತು ವರ್ಷಗಳ ಮೇಲೆ ಕಂಡ ಭಾಗ್ಯ. ಮಾರಿಕಣಿವೆಗೆ ಜನಸಾಗರವೇ ಹರಿಯಿತು. ನಾವೂ ತಾಯಿಯವರನ್ನು ಕರೆದುಕೊಂಡು ಹೋದೆವು. ಮಧ್ಯಾಹ್ನದ ಊಟ ಮಾವನವರ ಮನೆಯಲ್ಲಿ. ತಾಯಿಯವರಿಗೆಂದು ಅವರು ಹೊಸ ಪಾತ್ರೆ ಕೊಂಡಿದ್ದರು. ಬೇವಿನ ಮರದ ಕೆಳಗೆ ಬೇರೆ ಒಲೆ ಹೂಡಿ, ಸೊಪ್ಪು ತೊಗರಿಕಾಳಿನ ಬಸ್ಸಾರು ಮಾಡಿಸಿದ್ದರು. ಒಳಗೆ ನಾಟಿಕೋಳಿಯ ಸಾರು. ಎಲೆ ಹಾಕಿ ಕುಳಿತದ್ದೂ ಆಯಿತು. ಅಷ್ಟರಲ್ಲಿ ಏಳೆಂಟು ವರ್ಷದ ಹುಡುಗನೊಬ್ಬ, ಬಡಿಸುವ ಸಂಭ್ರಮದಲ್ಲಿ, ಕೋಳಿಸಾರಿನ ಸೌಟನ್ನು ತಂದು ಬಸ್ಸಾರಿನ ಪಾತ್ರೆಗೆ ಅದ್ದಿಬಿಟ್ಟ.

ಪಂಕ್ತಿಯೆಲ್ಲ ಸ್ತಬ್ಧವಾಯಿತು. ಮಾವನವರು ಕೈಮುಗಿದು ಎದ್ದು ನಿಂತರು. "ತಪ್ಪಾಯ್ತು ತಾಯಿ."

"ತಪ್ಪೇನು ಬಂತು ಬೀಗರೇ, ಮಗು ಅದು. ನನಗೊಂದು ಲೋಟ ಹಾಲು, ಎರಡು ಬಾಳೆಹಣ್ಣು ಸಾಕು" ಎಂದರು ನನ್ನ ತಾಯಿ. ಅವರು ಹಾಗೆಂದದ್ದು ದೊಡ್ಡ ಮನಸ್ಸಿನಿಂದಲೇ. ಆದರೂ ಆ ದಿನ ಮಾವನವರು ಉಣ್ಣಲಿಲ್ಲ. ಹುಡುಗ ಹಿತ್ತಲಲ್ಲಿ ಅಳುತ್ತ ಕುಳಿತಿದ್ದ. ಚಿತ್ರದುರ್ಗಕ್ಕೆ ಹಿಂದಿರುಗುವವರೆಗೆ ಬಂಡಿಯಲ್ಲಿ ಯಾರೂ ಮಾತಾಡಲಿಲ್ಲ. ಯಾರ ಮನಸ್ಸಿನಲ್ಲಿಯೂ ಕೆಡುಕಿರಲಿಲ್ಲ. ಒಂದು ಸೌಟಿಗೆ ಗುರುತಿರಲಿಲ್ಲ, ಅಷ್ಟೆ.

ಮಾರನೆಯ ವರ್ಷ ನನ್ನಾಕೆಗೆ ಮೆಟ್ಟಿಲು ಹತ್ತಿದರೆ ಏದುಸಿರು ಬರತೊಡಗಿತು. ವೈದ್ಯರು ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ ಎಂಟೂವರೆಗೆ ಇಳಿದಿತ್ತು. ಹೆಂಗಸರಿಗೆ ಅದು ಹನ್ನೆರಡಾದರೂ ಇರಬೇಕು. ಇದೇನೂ ಅಪರೂಪದ ವ್ಯಾಧಿಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆ. ವೈದ್ಯರು ಕಬ್ಬಿಣಾಂಶದ ಮಾತ್ರೆ ಬರೆದುಕೊಟ್ಟು, "ಏನೇನು ಊಟ ಮಾಡ್ತೀರಿ? ಮಾಂಸ, ಮೊಟ್ಟೆ ಅಭ್ಯಾಸ ಇದೆಯೇ?" ಎಂದು ಕೇಳಿದರು. ಆಕೆ ತಲೆ ತಗ್ಗಿಸಿ, "ಮೊದಲು ಇತ್ತು" ಎಂದಳು.

ಆ ಮಾತನ್ನು ಮನೆಯಲ್ಲಿ ತಾಯಿಯವರಿಗೆ ಹೇಳಿದವನು ನಾನೇ. ಅವರು ಸೊಪ್ಪು ಬಿಡಿಸುತ್ತಿದ್ದ ಕೈ ನಿಲ್ಲಿಸಿದರು.

"ಅಲ್ಲಮ್ಮಾ, ತವರಲ್ಲಿ ಉಣ್ತಿದ್ದವಳು. ಇಲ್ಲಿ ಬಿಡು ಅಂತ ನಾನು ಯಾವತ್ತು ಹೇಳಿದೆ?"

"ನೀವು ಹೇಳಲಿಲ್ಲ ಅತ್ತೆ" ಎಂದಳು ಆಕೆ. "ಉಣ್ಣು ಅಂತಲೂ ಯಾರೂ ಹೇಳಲಿಲ್ಲ."

ನನ್ನ ಹೆಮ್ಮೆಯ ಬೆಲೆ ಏನೆಂಬುದು ಆಗ ನನಗೆ ತಿಳಿಯಿತು. ನಮ್ಮ ಮನೆಯಲ್ಲಿ ತಂಟೆ ಇರಲಿಲ್ಲವೆಂದರೆ, ಅದನ್ನು ಒಬ್ಬಳು ಒಂಬತ್ತು ವರ್ಷ ತನ್ನ ತಟ್ಟೆಯಲ್ಲಿಯೇ ನುಂಗಿಕೊಂಡಿದ್ದಳು. ಮಾಂಸ ಬಿಟ್ಟದ್ದರಿಂದಲೇ ರಕ್ತ ಕಡಿಮೆಯಾಯಿತೆಂದು ನಾನು ಹೇಳುತ್ತಿಲ್ಲ. ಜನ್ಮದಲ್ಲಿ ಮಾಂಸ ಮುಟ್ಟದ ನನ್ನ ತಾಯಿಯವರಿಗೆ ಎಪ್ಪತ್ತರಲ್ಲಿಯೂ ರಕ್ತ ಚೆನ್ನಾಗಿದೆ. ಅವರು ಕಾಳು, ಸೊಪ್ಪು, ಹಾಲು, ಮಜ್ಜಿಗೆಗಳ ಊಟವನ್ನು ತಲೆಮಾರುಗಳಿಂದ ಬಲ್ಲವರು. ನನ್ನಾಕೆಯಾದರೋ ತನಗೆ ರೂಢಿಯಾದದ್ದನ್ನು ಬಿಟ್ಟಳು; ಅದರ ಜಾಗಕ್ಕೆ ಏನು ಬರಬೇಕೆಂಬುದನ್ನು ಯಾರೂ ಯೋಚಿಸಲಿಲ್ಲ. ಎಲ್ಲರಿಗೂ ಬಡಿಸಿ ಉಳಿದ ಅನ್ನ, ತಿಳಿಸಾರು ಅವಳ ಪಾಲಿಗೆ.

ಅಂದಿನಿಂದ ನಾನು ಬೇರೆ ಮನೆಗಳನ್ನೂ ಗಮನಿಸತೊಡಗಿದೆ. ನಮ್ಮ ನೆರೆಯ ಗೃಹಸ್ಥರೊಬ್ಬರು ಮನೆಯಲ್ಲಿ ಸಸ್ಯಾಹಾರಿ, ತಿಂಗಳಿಗೆರಡು ಸಲ ಮಿಲಿಟರಿ ಹೋಟೆಲಿನಲ್ಲಿ ಇನ್ನೊಂದು ಬಗೆ. ಹೆಂಡತಿಗೆ ಗೊತ್ತು, ಮಕ್ಕಳಿಗೂ ಗೊತ್ತು. ಆದರೂ ಅವರು ಏಲಕ್ಕಿ ಅಗಿಯುತ್ತಲೇ ಮನೆಯೊಳಗೆ ಕಾಲಿಡುತ್ತಾರೆ. ಹೊಸದುರ್ಗದ ನನ್ನ ಸ್ನೇಹಿತರ ಮನೆಯ ಪದ್ಧತಿ ಇದಕ್ಕಿಂತ ಮೇಲು. ಅವರ ತೆಂಗಿನ ತೋಟದ ಮನೆಯಲ್ಲಿ ಭಾನುವಾರದ ಬಾಡು ಹಿತ್ತಲ ಒಲೆಯ ಮೇಲೆ ಬೇಯುತ್ತದೆ. ಬೇಯಿಸುವವರು ಗಂಡಸರೇ, ಪಾತ್ರೆ ತೊಳೆಯುವವರೂ ಅವರೇ. ಮೆಚ್ಚತಕ್ಕ ಏರ್ಪಾಡು. ಆದರೆ ಆ ಮನೆಯಲ್ಲಿ ಮಾಂಸ ಬಿಟ್ಟ ಸೋದರತ್ತೆಯೊಬ್ಬರಿದ್ದಾರೆ. ಹೊರಗೆ ಹಬ್ಬದ ಗದ್ದಲ ನಡೆದಿರುವಾಗ ಅವರು ನಡುಮನೆಯಲ್ಲಿ ನಿನ್ನೆಯ ಸಾರು ಬಿಸಿಮಾಡಿಕೊಂಡು ಉಣ್ಣುತ್ತಿದ್ದುದನ್ನು ಕಂಡೆ. ನಮ್ಮ ಮನೆಯಲ್ಲಿ ನನ್ನಾಕೆಗೆ ಆದದ್ದೇ ಅಲ್ಲಿ ಅವರಿಗೆ ಆಗುತ್ತಿತ್ತು.

ನಮ್ಮ ಮನೆಗೆ ದಾರಿ ತೋರಿಸಿದವರು ಕಡೆಗೆ ತಾಯಿಯವರೇ. "ನನ್ನ ಒಲೆ, ನನ್ನ ಪಾತ್ರೆ ನನಗಿರಲಿ. ಪೂಜೆ ಮುಗಿಸಿ ನನ್ನ ಅಡಿಗೆ ಆದ ಮೇಲೆ ನಿಮ್ಮದು ನೀವು ಬೇಯಿಸಿಕೊಳ್ಳಿ. ಆದರೆ ಕದ್ದು ತಿನ್ನಬೇಡಿ. ಮಕ್ಕಳು ಕದಿಯೋದನ್ನ ಕಲಿಯಬಾರದು" ಎಂದರು. ಆ ಮಾತನ್ನೇ ಬುನಾದಿಯಾಗಿಟ್ಟುಕೊಂಡು ನಾವು ಕಟ್ಟಿಕೊಂಡ ಏರ್ಪಾಡನ್ನು ವಾಚಕರ ಮುಂದಿಡುತ್ತೇನೆ.

ಮೊದಲನೆಯದಾಗಿ, ಊಟದ ಬಹುಭಾಗ ಎಲ್ಲರಿಗೂ ಒಂದೇ ಆಗಿರಬೇಕು. ರಾಗಿಮುದ್ದೆ, ಅನ್ನ, ಪಲ್ಯ, ಕೋಸಂಬರಿ, ಮಜ್ಜಿಗೆ ಇವು ಪಂಕ್ತಿಯ ಆಸ್ತಿ. ಕನಕದಾಸರ 'ರಾಮಧಾನ್ಯಚರಿತೆ'ಯಲ್ಲಿ ರಾಗಿಗೂ ಭತ್ತಕ್ಕೂ ಜಗಳವಾದಾಗ ಶ್ರೀರಾಮನ ಮೆಚ್ಚುಗೆ ರಾಗಿಗೆ ದೊರೆಯಿತಷ್ಟೆ. ನಮ್ಮ ಅಡಿಗೆಮನೆಯಲ್ಲಿಯೂ ತೀರ್ಪು ಅದೇ. ಬಸ್ಸಾರಿಗೂ ಸೈ, ಬಾಡಿನ ಸಾರಿಗೂ ಸೈ ಎನ್ನುವ ಮುದ್ದೆ ಎರಡು ಪಕ್ಷಕ್ಕೂ ಸೇರಿದ್ದು. ಜೊತೆಗೆ ನೂರು ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಸುಣ್ಣದಂಶವೂ ಇದೆ. ಬೇರೆಯಾಗುವುದು ಒಂದೇ ಪದಾರ್ಥವಾದರೆ ಅಡಿಗೆ ಮಾಡುವವಳ ಬೆನ್ನು ಮುರಿಯುವುದಿಲ್ಲ.

ಎರಡನೆಯದು, ಈ ಲೇಖನದ ತಲೆಬರಹ. ಭಾನುವಾರ ಮಸಾಲೆ ಒಂದೇ, ಪಾತ್ರೆ ಎರಡು. ಆರು ಮಂದಿಗೆ ಅರ್ಧ ಕಿಲೋ ಕುರಿಮಾಂಸವಾದರೆ, ಕಾಲು ಕಿಲೋ ಹುರುಳಿಕಾಳನ್ನು ಶುಕ್ರವಾರ ರಾತ್ರಿ ನೆನೆಹಾಕಿ, ಶನಿವಾರ ಬಟ್ಟೆಯಲ್ಲಿ ಕಟ್ಟಿಟ್ಟರೆ ಭಾನುವಾರಕ್ಕೆ ಮೊಳಕೆ ಬಂದಿರುತ್ತದೆ. ಅವರೆಕಾಯಿಯ ಕಾಲವಾದರೆ ಹಿತಕಿದ ಬೇಳೆಗೆ ಸಮನಾದದ್ದು ಬೇರಿಲ್ಲ. ಎರಡು ಈರುಳ್ಳಿ, ಒಂದು ಗಡ್ಡೆ ಬೆಳ್ಳುಳ್ಳಿ, ಬೆರಳುದ್ದ ಶುಂಠಿಯನ್ನು ಎಣ್ಣೆಯಲ್ಲಿ ಬಾಡಿಸಿ, ಅರ್ಧ ಹೋಳು ತೆಂಗಿನಕಾಯಿ, ಎರಡು ಚಮಚ ಹುರಿಗಡಲೆ, ಮೂರು ಚಮಚ ಧನಿಯದ ಪುಡಿ, ಎರಡು ಚಮಚ ಖಾರದ ಪುಡಿ, ಸ್ವಲ್ಪ ಗಸಗಸೆ, ಚಕ್ಕೆ, ಲವಂಗ ಸೇರಿಸಿ ನುಣ್ಣಗೆ ರುಬ್ಬಬೇಕು. ರುಬ್ಬಿದ ಕೂಡಲೇ, ಮಾಂಸದ ಪಾತ್ರೆಯ ಮುಚ್ಚಳ ತೆರೆಯುವುದಕ್ಕೆ ಮೊದಲೇ, ಅದನ್ನು ಎರಡು ಬಟ್ಟಲಿಗೆ ಪಾಲು ಮಾಡಬೇಕು. ಒಂದು ಪಾಲು ಆಲೂಗಡ್ಡೆ, ಬದನೆಕಾಯಿಯೊಡನೆ ಬೆಂದ ಕಾಳಿಗೆ. ಇನ್ನೊಂದು, ಅರಿಸಿನ ಉಪ್ಪು ಹಾಕಿ ಮೊದಲೇ ಬೇಯಿಸಿದ ಮಾಂಸಕ್ಕೆ. ಘಮ ಎರಡಕ್ಕೂ ಒಂದೇ. ಮಾಂಸ ಉಣ್ಣದವರ ಪಾಲಿಗೆ ಸಪ್ಪೆ ಸಾರು ಎಂಬ ಕೊರಗು ಅಲ್ಲಿಗೆ ಮುಗಿಯಿತು.

ಇದು ಮನಸ್ಸಿನ ಸಮಾಧಾನಕ್ಕಾಗಿ ಹೂಡಿದ ಲೆಕ್ಕವೂ ಅಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ದಿನದ ಊಟದ ತಟ್ಟೆಯನ್ನು ವಿಂಗಡಿಸುವಾಗ ಬೇಳೆಕಾಳು, ಮೊಟ್ಟೆ, ಮಾಂಸ ಮೂರನ್ನೂ ಒಂದೇ ಪಾಲಿನಲ್ಲಿ ಇರಿಸಿದೆ. 2000 ಕ್ಯಾಲೊರಿಯ ಊಟಕ್ಕೆ ಆ ಪಾಲು 85 ಗ್ರಾಂ. ನೂರು ಗ್ರಾಂ ಹುರುಳಿಯಲ್ಲಿ ಇಪ್ಪತ್ತು ಗ್ರಾಮಿಗೂ ಮೀರಿ ಸಸಾರಜನಕವಿದೆ. ಮಾಂಸದ ಕಬ್ಬಿಣಾಂಶ ದೇಹಕ್ಕೆ ಸುಲಭವಾಗಿ ಹತ್ತುತ್ತದೆ, ಕಾಳು ಸೊಪ್ಪಿನದು ಅಷ್ಟು ಸುಲಭವಾಗಿ ಹತ್ತದು. ಆದರೆ ಅದರ ಮೇಲೆ ಅರ್ಧ ಹೋಳು ನಿಂಬೆಹಣ್ಣು ಹಿಂಡಿದರೆ ಹತ್ತುವಿಕೆ ಹೆಚ್ಚುತ್ತದೆ. ಊಟದ ಬೆನ್ನಿಗೇ ಕಾಫಿ ಟೀ ಕುಡಿದರೆ ತಗ್ಗುತ್ತದೆ. ಬಿ-12 ಜೀವಸತ್ವ ಕಾಳು ಸೊಪ್ಪುಗಳಲ್ಲಿ ಸಿಗುವುದಿಲ್ಲವಾದ್ದರಿಂದ, ಮಾಂಸ ಉಣ್ಣದವರು ಹಾಲು ಮೊಸರನ್ನು ಬಿಡಬಾರದು.

ಮೂರನೆಯದು ಗುರುತು. ತಾಯಿಯವರ ಸೌಟು ಹಿತ್ತಾಳೆಯದು, ಬಾಡಿನ ಸೌಟು ಮರದ ಹಿಡಿಯದು. ಹೆಚ್ಚುವ ಹಲಗೆ, ಚಾಕು ಬೇರೆ. ತಂಗಳುಪೆಟ್ಟಿಗೆಯಲ್ಲಿ ಹಸಿಮಾಂಸ ಮುಚ್ಚಿದ ಡಬ್ಬಿಯಲ್ಲಿ, ಎಲ್ಲಕ್ಕಿಂತ ಕೆಳಗಿನ ಅಂತಸ್ತಿನಲ್ಲಿ. ಅದರ ನೀರು ಬೇರೆ ಪದಾರ್ಥದ ಮೇಲೆ ತೊಟ್ಟಿಕ್ಕಬಾರದು. ಇದು ಮಡಿಯ ಮಾತಷ್ಟೇ ಅಲ್ಲ, ಆರೋಗ್ಯದ ಮಾತೂ ಹೌದು. ನಾಲ್ಕು ವರ್ಷದ ಮಗನಿಗೂ ಈಗ ಸೌಟಿನ ಗುರುತು ಗೊತ್ತು.

ನಾಲ್ಕನೆಯದು, ದುಡಿಮೆಯ ಹಂಚಿಕೆ. ಎರಡು ಬಗೆಯ ಊಟ ಬೇಕೆನ್ನುವ ಮನೆಯಲ್ಲಿ ಎರಡು ಜೊತೆ ಕೈಗಳೂ ಬೇಕು. ಮಾಂಸ ತರುವುದು, ತೊಳೆಯುವುದು, ಆ ಪಾತ್ರೆಗಳನ್ನು ಉಜ್ಜುವುದು ನನ್ನ ಕೆಲಸ. ನಾನೇನು ಉಣ್ಣುವವನಲ್ಲ. ಮೊದಮೊದಲು ಕೈ ಹಿಂಜರಿಯಿತು. ಒಂಬತ್ತು ವರ್ಷ ನನಗಾಗಿ ಬಿಟ್ಟವಳಿಗೆ ವಾರಕ್ಕೊಮ್ಮೆ ಒಂದು ಪಾತ್ರೆ ತೊಳೆಯಲಾರೆನೆ ಎಂದುಕೊಂಡ ಮೇಲೆ ಸಲೀಸಾಯಿತು.

ಇನ್ನು ವಾರದ ಕ್ರಮ. ಸೋಮವಾರ ಇಬ್ಬರ ತವರಿಗೂ ಶಿವನ ವಾರ. ಸೊಪ್ಪಿನ ಬಸ್ಸಾರು, ಮುದ್ದೆ. ಮಂಗಳವಾರ ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಕಡಲೆಕಾಯಿ ಚಟ್ನಿ. ಬುಧವಾರ ಅನ್ನ, ಬೇಳೆಸಾರು. ಬೇಕಾದವರಿಗೆ ಬೇಯಿಸಿದ ಮೊಟ್ಟೆ, ಬೇಡದವರಿಗೆ ಹುರಿದ ಕಡಲೆಕಾಯಿ ಬೀಜದ ಕೋಸಂಬರಿ. ಗುರುವಾರ ಹುರುಳಿಕಟ್ಟಿನ ಸಾರು. ಶುಕ್ರವಾರ ತಿಳಿಸಾರು, ತರಕಾರಿ ಪಲ್ಯ, ಹಬ್ಬವಿದ್ದರೆ ಹೋಳಿಗೆ. ಶನಿವಾರ ಅಕ್ಕಿರೊಟ್ಟಿ ಅಥವಾ ಅವರೆಕಾಳಿನ ಉಪ್ಪಿಟ್ಟು. ಭಾನುವಾರ ಎರಡು ಪಾತ್ರೆ. ಲೆಕ್ಕ ಹಾಕಿದರೆ ವಾರದ ಐದು ದಿನ ಎಲ್ಲರ ಊಟವೂ ಒಂದೇ. ನನ್ನಾಕೆಯ ತವರಿನಲ್ಲಿಯೂ ಹೆಚ್ಚುಕಡಿಮೆ ಹೀಗೆಯೇ ಇತ್ತು. ಮಾಂಸಾಹಾರಿಗಳ ಮನೆಯೆಂದರೆ ನಿತ್ಯ ಮಾಂಸವೆಂದು ಭಾವಿಸಿದ್ದ ನನ್ನ ತಾಯಿಯವರಿಗೆ ಇದು ಹೊಸ ಸಂಗತಿ.

ಈ ಕ್ರಮವನ್ನು ನಮಗಿಂತ ಮೊದಲು ಕಲಿತವರು ಶಾಲೆಯ ಮಕ್ಕಳು. ನಮ್ಮ ರಾಜ್ಯದ ಅಕ್ಷರದಾಸೋಹದ ಬಿಸಿಯೂಟದಲ್ಲಿ ಅನ್ನ, ಸಾಂಬಾರು ಎಲ್ಲರಿಗೂ ಒಂದೇ. 2022ರಲ್ಲಿ ಮೊಟ್ಟೆಯನ್ನು ಎಲ್ಲ ಜಿಲ್ಲೆಗಳಿಗೂ ವಿಸ್ತರಿಸಿದಾಗ, ಒಲ್ಲದ ಮಕ್ಕಳಿಗೆ ಬಾಳೆಹಣ್ಣು ಅಥವಾ ಚಿಕ್ಕಿ ಕೊಡುವ ಏರ್ಪಾಡಾಯಿತು. 2024ರಲ್ಲಿ ಮೊಟ್ಟೆ ವಾರಕ್ಕೆ ಆರು ದಿನವಾಯಿತು. ಆ ವರ್ಷ ಅನುದಾನಿತ ಶಾಲೆಗೆ ಹೋಗುವ ನನ್ನ ಮಗಳು ಒಂದು ಸಂಜೆ ಬಂದು, "ಅಪ್ಪಾ, ನಾನು ಮೊಟ್ಟೆ ಸಾಲಲ್ಲಿ ನಿಲ್ಲಲೋ, ಬಾಳೆಹಣ್ಣಿನ ಸಾಲಲ್ಲಿ ನಿಲ್ಲಲೋ?" ಎಂದು ಕೇಳಿದಳು. ನಾನು ಉಪನ್ಯಾಸಕ್ಕೆ ಬಾಯಿ ತೆರೆಯುವಷ್ಟರಲ್ಲಿ ಅವಳ ಅಜ್ಜಿ, "ನಿನಗೆ ಯಾವುದು ಬೇಕೋ ಆ ಸಾಲಲ್ಲಿ ನಿಲ್ಲು. ಆದರೆ ಪಕ್ಕದ ಸಾಲಿನವರನ್ನ ನೋಡಿ ನಗಬೇಡ" ಎಂದುಬಿಟ್ಟರು. ನನ್ನ ಉಪನ್ಯಾಸ ಉಳಿಯಿತು.

ಕಳೆದ ಹೊಸತೊಡಕಿಗೆ ಮಾವನವರನ್ನು ನಮ್ಮಲ್ಲಿಗೇ ಕರೆಸಿಕೊಂಡೆವು. ಕೋಡಿ ನೋಡಲು ಹೋದಾಗ ಸೌಟು ಅದ್ದಿದ್ದ ಹುಡುಗನೂ ಜೊತೆಯಲ್ಲಿ ಬಂದಿದ್ದ. ಈಗ ಅವನಿಗೆ ಮೀಸೆ ಮೂಡುವ ಹೊತ್ತು. ಬಡಿಸಲು ಬಾ ಎಂದು ತಾಯಿಯವರು ಅವನನ್ನೇ ಕರೆದು ಹಿತ್ತಾಳೆಯ ಸೌಟನ್ನು ಅವನ ಕೈಗಿತ್ತರು. ಅವನು ಸೌಟನ್ನು ತಿರುಗಿಸಿ ತಿರುಗಿಸಿ ನೋಡಿ, ನಿಧಾನವಾಗಿ ಅವರಿಗೆ ಬಡಿಸಿದ. ಅವರು ಉಂಡರು. ಮಾವನವರು ಬಾಡಿನ ಊಟ ಮುಗಿಸಿ, ಕಡೆಯ ಅನ್ನಕ್ಕೆ ಕಾಳಿನ ಸಾರನ್ನು ಎರಡು ಸಲ ಕೇಳಿ ಹಾಕಿಸಿಕೊಂಡರು. ನನ್ನಾಕೆಯ ಹಿಮೋಗ್ಲೋಬಿನ್ ಈಗ ಹನ್ನೆರಡರ ಮೇಲಿದೆ. ಮಾತ್ರೆಯ ಪಾಲೆಷ್ಟು, ಊಟದ ಪಾಲೆಷ್ಟು ಎಂದು ವಿಂಗಡಿಸಲು ನಾನು ವೈದ್ಯನಲ್ಲ.

ವಾಚಕ ಮಹಾಶಯರಲ್ಲಿ ನನ್ನದೊಂದು ವಿಜ್ಞಾಪನೆ. ತಮ್ಮ ಮನೆಯಲ್ಲಿಯೂ "ಆ ತಂಟೆಯೇ ಇಲ್ಲ" ಎನ್ನುವುದಾದರೆ ಸಂತೋಷ. ಆದರೂ ಬರುವ ಭಾನುವಾರ ಅಡಿಗೆಮನೆಗೆ ಹೋಗಿ, ಎಲ್ಲರ ಊಟವಾದ ಮೇಲೆ ಕುಳಿತು ಉಣ್ಣುವವರನ್ನು ಒಮ್ಮೆ ಕೇಳಿ ನೋಡಿ: "ನಿನಗೆ ಏನು ಇಷ್ಟ?"